ಬಜಪೆಯ ಗುಡ್ಡ, ಬೀದರಿನ ಬಯಲು: ಇಳಿಯದೆ ಮೇಲೇರಿದ ವಿಮಾನದ ನೆನಪು

ಮೇ 22 ಹತ್ತಿರ ಬರುವಾಗ ಕರಾವಳಿಯ ಅನೇಕ ಮನೆಗಳಲ್ಲಿ ಮಾತು ಕಡಿಮೆಯಾಗುತ್ತದೆ. 2010ರ ಅದೇ ದಿನ, ಶನಿವಾರ ಬೆಳಿಗ್ಗೆ ಸುಮಾರು 6 ಗಂಟೆ 5 ನಿಮಿಷಕ್ಕೆ, ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. 8 ಮಂದಿ ಮಾತ್ರ ಬದುಕಿ ಉಳಿದರು. ಮೃತರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ ಹಾಗೂ ಕಾಸರಗೋಡು ಜಿಲ್ಲೆಗಳವರು. ಗಲ್ಫಿನ ದುಡಿಮೆಯಿಂದ ರಜೆಯಲ್ಲಿ ಮನೆಗೆ ಬರುತ್ತಿದ್ದವರು.

ಆ ಬೆಳಿಗ್ಗೆ ನಾವು ಊರಿನಲ್ಲಿರಲಿಲ್ಲ. ಕರಾವಳಿಯಿಂದ ಬೀದರ್ ಜಿಲ್ಲೆಗೆ ಸೇವೆಗೆಂದು ಹೋದ ನಾವು ಕೆಲವರು ಆಗ ಬಸವಕಲ್ಯಾಣ ಮತ್ತು ಹುಮನಾಬಾದ್ ಪ್ರದೇಶದಲ್ಲಿದ್ದೆವು. ಕಲಬುರಗಿ ಧರ್ಮಪ್ರಾಂತ್ಯ 2005ರಲ್ಲಿ ಸ್ಥಾಪನೆಯಾಗಿ ಇನ್ನೂ ಐದು ವರ್ಷ. ಆ ಸೀಮೆಯಲ್ಲಿ ನಮ್ಮ ಕಡೆಯ ಧರ್ಮಗುರುಗಳು, ಧರ್ಮಭಗಿನಿಯರು ಅಲ್ಲಲ್ಲಿ ದುಡಿಯುತ್ತಿದ್ದರು. ಹುಮನಾಬಾದಿನಲ್ಲಿ ಬೆಳಗಿನ ಚಹಾ ಕುಡಿಯುತ್ತಿರುವಾಗ ಟಿವಿಯಲ್ಲಿ ಹೊಗೆ ಏಳುತ್ತಿರುವ ಕಣಿವೆ ಕಂಡಿತು. ಕೆಳಗೆ ನಮ್ಮ ಊರಿನ ಹೆಸರು ಓಡುತ್ತಿತ್ತು. ಮನೆಗೆ ಫೋನು ಮಾಡಿದರೆ ಲೈನು ಸಿಗುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕುಳಿತೆವು.

ಮರುದಿನ ಪಂಚಾಶತ್ತಮ ಹಬ್ಬದ ಭಾನುವಾರ. ಬಲಿಪೂಜೆಯಲ್ಲಿ ಮೃತರಿಗಾಗಿ ಪ್ರಾರ್ಥಿಸಿ ಹೊರಗೆ ಬಂದಾಗ ಆ ಊರಿನ ಹಿರಿಯ ತಾಯಿಯೊಬ್ಬರು ನಮ್ಮ ಕೈ ಹಿಡಿದು, "ನಿಮ್ಮ ಊರಾಗ ವಿಮಾನ ಬಿದ್ದದಂತಲ್ರೀ, ನಿಮ್ಮವರು ಯಾರರೆ ಇದ್ರೇನ್ರೀ?" ಎಂದು ಕೇಳಿದರು. ನಮ್ಮ ಮನೆಯವರು ಯಾರೂ ಇಲ್ಲ, ಆದರೆ ಪರಿಚಯದವರ ಮನೆಯವರಿದ್ದಾರೆ ಎಂದೆವು. ಬೇರೆ ಏನು ಹೇಳಬೇಕೆಂದು ತೋಚದೆ, "ಎಲ್ಲ ದೇವರ ಚಿತ್ತ, ಅಮ್ಮಾ" ಎಂದೂ ಸೇರಿಸಿದೆವು.

ಆ ತಾಯಿ ಒಪ್ಪಲಿಲ್ಲ. "ದೇವ್ರು ಯಾಕ ಬೀಳಸ್ತಾನ್ರೀ? ಮನಸ್ಯಾರದು ಏನರೆ ತಪ್ಪಿರಬೇಕು. ಕೇಳ್ರಿ, ತಿಳ್ಕೋರಿ" ಎಂದರು.

ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಯ ಮಾತಿಗೆ ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ಅವರು ಹೇಳಿದಂತೆ ಕೇಳಿ ತಿಳಿದುಕೊಂಡದ್ದನ್ನು ನಮ್ಮ ಓದುಗರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಟೇಬಲ್‌ಟಾಪ್ ಎಂದರೇನು?

ಬಜಪೆಯ ನಿಲ್ದಾಣವನ್ನು 'ಟೇಬಲ್‌ಟಾಪ್' ಎನ್ನುತ್ತಾರೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ, ಮೇಜಿನ ಹಲಗೆಯಂತೆ ಅದರ ಮೇಲೆ ರನ್‌ವೇ ಹಾಸಿದ ನಿಲ್ದಾಣ ಎಂದು ಇದರ ಅರ್ಥ. ಮೇಜಿನ ಅಂಚು ಮುಗಿದಲ್ಲಿ ಆಳ. ನಮ್ಮ ದೇಶದಲ್ಲಿ ಕೇರಳದ ಕೋಯಿಕ್ಕೋಡ್, ಮಿಜೋರಾಂನ ಲೆಂಗ್‌ಪುಯಿ, ಸಿಕ್ಕಿಮಿನ ಪಾಕ್ಯೋಂಗ್, ಹಿಮಾಚಲದ ಶಿಮ್ಲಾ ನಿಲ್ದಾಣಗಳೂ ಇದೇ ಬಗೆಯವು.

ಹುಮನಾಬಾದಿನ ಜನರಿಗೆ ಇದನ್ನು ವಿವರಿಸುವುದು ನಮಗೆ ಕಷ್ಟವಾಗಲಿಲ್ಲ. ಏಕೆಂದರೆ ಬೀದರಿನ ಪ್ರಸ್ಥಭೂಮಿಯ ಮೇಲೂ ನಮ್ಮ ಕರಾವಳಿಯ ಗುಡ್ಡಗಳ ಮೇಲಿರುವಂತಹದೇ ಕೆಂಪು ಮುರಕಲ್ಲಿನ ಹೊದಿಕೆ ಇದೆ. ಬೀದರ್ ಕೋಟೆಯ ಕಂದಕವನ್ನು ಕಡಿದಿರುವುದು ಈ ಕಲ್ಲಿನಲ್ಲೇ. ಅಲ್ಲಿ ಮೈಲಿಗಟ್ಟಲೆ ಬಯಲು, ಅಂಚಿಗೆ ಬಂದಾಗ ಮಾತ್ರ ಕೆಳಗಿಳಿಯುವ ದಿಬ್ಬ. ನಮ್ಮಲ್ಲಿ ಅದೇ ಕಲ್ಲಿನ ಸಣ್ಣ ಸಣ್ಣ ಗುಡ್ಡಗಳು, ಸುತ್ತ ಕಣಿವೆ. "ನಿಮ್ಮ ಬಯಲನ್ನು ಒಂದು ಹೊಲದಷ್ಟು ಕತ್ತರಿಸಿ ಎತ್ತರದಲ್ಲಿ ಇಟ್ಟ ಹಾಗೆ" ಎಂದರೆ ಅವರಿಗೆ ತಿಳಿಯುತ್ತಿತ್ತು.

ಬಜಪೆಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 103 ಮೀಟರ್ ಎತ್ತರದಲ್ಲಿದೆ. 1951ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿಯುವುದರೊಂದಿಗೆ ಇದು ಆರಂಭವಾಯಿತು. ಆಗಿನ ರನ್‌ವೇ ಉದ್ದ 1,615 ಮೀಟರ್. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಒಂದು ವಿಮಾನ ಮಳೆಯಲ್ಲಿ ಈ ರನ್‌ವೇ ದಾಟಿ ಅಂಚಿನಾಚೆ ಹೋಗಿ ನಿಂತಿತು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ವಿಮಾನ ಗುಜರಿಗೆ ಹೋಯಿತು, ಪ್ರಾಣಹಾನಿಯಾಗಲಿಲ್ಲ. 2006ರಲ್ಲಿ 2,450 ಮೀಟರ್ ಉದ್ದದ ಎರಡನೇ ರನ್‌ವೇ ಸಿದ್ಧವಾಯಿತು. ಅದೇ ವರ್ಷ ಇಲ್ಲಿಂದ ದುಬಾಯಿಗೆ ನೇರ ವಿಮಾನ ಆರಂಭವಾದಾಗ, ಗಲ್ಫಿನಲ್ಲಿ ದುಡಿಯುವವರಿರುವ ನಮ್ಮ ಪ್ರತಿ ವಾಳೆಯಲ್ಲೂ ಸಂತೋಷವಿತ್ತು. ಮುಂಬಯಿಯಲ್ಲಿ ಇಳಿದು, ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆ ಕಾಯುತ್ತಾ ಬರುವ ಕಷ್ಟ ತಪ್ಪಿತು.

ಇಂತಹ ನಿಲ್ದಾಣದಲ್ಲಿ ಇಳಿಯುವುದು ಅಪಾಯವೇ? ವಿಮಾನವೊಂದು ರನ್‌ವೇ ದಾಟಿ ಮುಂದೆ ಹೋದರೆ ಸಮತಟ್ಟಾದ ಊರಿನಲ್ಲಿ ಹೊಲದಲ್ಲೋ ಕೆಸರಿನಲ್ಲೋ ಸಿಕ್ಕಿ ನಿಲ್ಲಬಹುದು. ಇಲ್ಲಿ ಹಾಗಲ್ಲ. ಗುಡ್ಡದ ಅಂಚಿನಲ್ಲಿ ಗಾಳಿಯ ಸೆಳೆತ ಬೇರೆ. ಕೆಳಗೆ ಕಣಿವೆ, ಎದುರಿಗೆ ಎತ್ತರದಲ್ಲಿ ರನ್‌ವೇ ಇರುವುದರಿಂದ ಕಣ್ಣಿನ ಅಂದಾಜೂ ತಪ್ಪಬಹುದು. ಆದುದರಿಂದಲೇ ಮಂಗಳೂರಿನಲ್ಲಿ ವಿಮಾನವನ್ನು ಕ್ಯಾಪ್ಟನ್ ಅವರೇ ಇಳಿಸಬೇಕು, ಸಹ ಪೈಲಟ್ ಕೈಗೆ ಕೊಡಬಾರದು ಎಂಬ ನಿಯಮವಿತ್ತು. ಆದರೂ ಒಂದು ವಿಷಯ ಮರೆಯಬಾರದು. 1951ರಿಂದ ಈ ಗುಡ್ಡದ ಮೇಲೆ ಸಾವಿರಾರು ವಿಮಾನಗಳು ಕ್ಷೇಮವಾಗಿ ಇಳಿದಿವೆ. ಗುಡ್ಡವು ತಪ್ಪನ್ನು ಕ್ಷಮಿಸುವುದಿಲ್ಲ ನಿಜ, ಆದರೆ ತಪ್ಪನ್ನು ಹುಟ್ಟಿಸುವುದು ಗುಡ್ಡವಲ್ಲ.

ನಮ್ಮದೇ ಒಂದು ಪ್ರಯಾಣ

ಇಲ್ಲಿ ನಮ್ಮದೇ ಒಂದು ಅನುಭವ ಹೇಳಬೇಕು. ಬೀದರ್ ಜಿಲ್ಲೆಯಿಂದ ಊರಿಗೆ ಬರುವುದೆಂದರೆ ಆಗ ಬಸ್ಸೇ ಗತಿ. ರಾಜ್ಯದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಂದು ಹಗಲು, ಒಂದು ರಾತ್ರಿ ಸಾಲದು. 2008ರ ಜೂನ್ ತಿಂಗಳಲ್ಲಿ ನಮ್ಮಲ್ಲೊಬ್ಬರ ತಾಯಿ ಮಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯ ಸ್ಥಿತಿಯಲ್ಲಿದ್ದಾರೆಂದು ಫೋನು ಬಂತು. ಬಸ್ಸಿನಲ್ಲಿ ಹೋದರೆ ಮುಖ ನೋಡಲು ಸಿಗಲಾರದೆಂದು ಸಾಲ ಮಾಡಿ ವಿಮಾನದ ಟಿಕೆಟ್ ತೆಗೆದೆವು. ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸು, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ಬಜಪೆ.

ಸಂಜೆಯ ಹೊತ್ತು. ಮೋಡದ ನಡುವೆ ಒಮ್ಮೆ ಗುರುಪುರ ಹೊಳೆ ಕಂಡಿತು, ತೆಂಗಿನ ತೋಟ ಕಂಡಿತು, ಆಮೇಲೆ ಕೆಂಪು ಗುಡ್ಡದ ಅಂಚು. ಬ್ಯಾಗನ್ನು ಕಾಲಿನ ಬಳಿ ಎಳೆದುಕೊಂಡೆವು. ಅಷ್ಟರಲ್ಲಿ ಇಂಜಿನ್ ಜೋರಾಗಿ ಅಬ್ಬರಿಸಿತು, ಬೆನ್ನು ಸೀಟಿಗೆ ಒತ್ತಿತು, ವಿಮಾನ ಮತ್ತೆ ಮೋಡದೊಳಗೆ ಹೋಯಿತು. ಮಕ್ಕಳು ಅತ್ತರು. ಹಿಂದಿನ ಸೀಟಿನಲ್ಲಿ ಯಾರೋ ಜಪಸರ ಹಿಡಿದು ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಮಳೆಯಿಂದ ರನ್‌ವೇ ಸರಿಯಾಗಿ ಕಾಣುತ್ತಿಲ್ಲ ಎಂದು ಕ್ಯಾಪ್ಟನ್ ತಿಳಿಸಿದರು. ಸ್ವಲ್ಪ ಹೊತ್ತು ಸುತ್ತಿ ಇನ್ನೊಮ್ಮೆ ಪ್ರಯತ್ನಿಸಿದರು, ಮತ್ತೆ ಮೇಲೇರಿದರು. ಕೊನೆಗೆ ಬೆಂಗಳೂರಿಗೇ ಮರಳಿದರು.

ಅಲ್ಲಿಂದ ರಾತ್ರಿ ಬಸ್ಸು ಹಿಡಿದು ಶಿರಾಡಿ ಘಾಟಿ ಇಳಿದು ಮನೆ ತಲುಪುವಾಗ ಬೆಳಿಗ್ಗೆ ಹತ್ತು ಗಂಟೆ. ತಾಯಿ ನಸುಕಿನಲ್ಲೇ ತೀರಿಕೊಂಡಿದ್ದರು. "ಬರ್ತಾರೆ ಬರ್ತಾರೆ ಅಂತ ಬಾಗಿಲೇ ನೋಡ್ತಿದ್ರು" ಎಂದು ಆರೈಕೆ ಮಾಡಿದವರು ಹೇಳಿದಾಗ ಆದ ಸಂಕಟ ಇಷ್ಟೆಂದು ಹೇಳಲಾಗದು. ಆ ಪೈಲಟ್ ಸ್ವಲ್ಪ ಧೈರ್ಯ ಮಾಡಿದ್ದರೆ ಒಂದು ಮಾತಾದರೂ ಆಡಬಹುದಿತ್ತು ಎಂದು ಎರಡು ವರ್ಷ ಮನಸ್ಸಿನಲ್ಲೇ ಆತನನ್ನು ದೂರಿದೆವು. ಹೆಸರು ಗೊತ್ತಿಲ್ಲದ ಆ ಮನುಷ್ಯನ ಮೇಲಿನ ಸಿಟ್ಟನ್ನು ಪಾಪನಿವೇದನೆಯಲ್ಲಿ ಹೇಳಿದ್ದೂ ಉಂಟು.

ತನಿಖೆ ಹೇಳಿದ್ದು

2010ರ ದುರಂತದ ತನಿಖೆಯನ್ನು ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ನ್ಯಾಯಾಲಯ ನಡೆಸಿತು. ಅದರ ವರದಿಯ ಅಂಶಗಳನ್ನು ಓದಿದಾಗ ನಮಗೆ ಮೊದಲು ಆಶ್ಚರ್ಯವಾದುದು ಹವಾಮಾನದ ವಿಷಯ. ಅಂದು ಬೆಳಿಗ್ಗೆ ಇಳಿಯುವ ಹೊತ್ತಿಗೆ ಮಳೆ ಇರಲಿಲ್ಲ, ಗಾಳಿ ಶಾಂತವಾಗಿತ್ತು, 6 ಕಿ.ಮೀ. ದೂರದವರೆಗೆ ಕಾಣುತ್ತಿತ್ತು. ವಿಮಾನ ಹೊಸದು, ಯಂತ್ರದಲ್ಲಿ ದೋಷವಿರಲಿಲ್ಲ.

ಹಾಗಾದರೆ ಆದದ್ದೇನು? ನಿಲ್ದಾಣದ ರಾಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ಅದರಿಂದಾಗಿ ವಿಮಾನ ಕೆಳಗಿಳಿಯಲು ಆರಂಭಿಸಿದ್ದೇ ತಡವಾಯಿತು. ರಾತ್ರಿಯಿಡೀ ಹಾರಾಟದ ಆಯಾಸದಲ್ಲಿದ್ದ ಕ್ಯಾಪ್ಟನ್, ಧ್ವನಿಮುದ್ರಿಕೆಯ ಮೊದಲ 1 ಗಂಟೆ 40 ನಿಮಿಷ ನಿದ್ರೆಯಲ್ಲಿದ್ದರು. ಗಾಢ ನಿದ್ರೆಯಿಂದ ಎದ್ದ ಮನುಷ್ಯನಿಗೆ ಕೆಲವು ಹೊತ್ತು ಮಂಪರು ಇದ್ದೇ ಇರುತ್ತದೆ, ಆಗ ನಿರ್ಧಾರಗಳು ತಪ್ಪುತ್ತವೆ ಎಂದು ವರದಿ ಹೇಳುತ್ತದೆ. ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬಾ ಮೇಲಿತ್ತು. ರನ್‌ವೇಯ ಆರಂಭದಲ್ಲಿ 50 ಅಡಿ ಎತ್ತರದಲ್ಲಿರಬೇಕಾದದ್ದು ಸುಮಾರು 200 ಅಡಿಯಲ್ಲಿತ್ತು, ವೇಗವೂ ಹೆಚ್ಚಿತ್ತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು.

ಇಷ್ಟರೊಳಗೆ ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದಿದ್ದರು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರೋಣ ಎಂದು ಅದರ ಅರ್ಥ. ಯಂತ್ರವೂ ಪದೇ ಪದೇ ಎಚ್ಚರಿಕೆ ಕೊಟ್ಟಿತ್ತು. ಕ್ಯಾಪ್ಟನ್ ಕೇಳಲಿಲ್ಲ. ನೆಲ ಮುಟ್ಟಿದ ಮೇಲೂ ಪೂರ್ಣ ಬ್ರೇಕ್ ಹಾಕಿದ್ದರೆ ವಿಮಾನ ನಿಲ್ಲುವ ಸಾಧ್ಯತೆ ಇತ್ತು. ಆದರೆ ನಿಲ್ಲಿಸಲು ಆರಂಭಿಸಿದ ಮೇಲೆ ಮನಸ್ಸು ಬದಲಿಸಿ ಮತ್ತೆ ಹಾರಲು ಪ್ರಯತ್ನಿಸಿದರು. ಆ ಹೊತ್ತಿಗೆ ಅದು ಆಗದ ಮಾತು. ರನ್‌ವೇ ಆಚೆಗಿದ್ದ ಕಾಂಕ್ರೀಟಿನ ಕಟ್ಟೆಗೆ ಬಲ ರೆಕ್ಕೆ ಬಡಿಯಿತು, ವಿಮಾನ ಕಣಿವೆಗೆ ಬಿದ್ದು ಬೆಂಕಿ ಹತ್ತಿತು.

ಕ್ಯಾಪ್ಟನ್, ಸಹ ಪೈಲಟ್ ಇಬ್ಬರೂ ಆ ಬೆಂಕಿಯಲ್ಲೇ ಹೋದರು. ಅವರಿಗೂ ಮನೆಯವರಿದ್ದರು. ಅವರನ್ನು ನಿಂದಿಸಲು ನಾವು ಇದನ್ನು ಬರೆಯುತ್ತಿಲ್ಲ. ಆದರೆ ವರದಿ ಓದಿ ಮುಗಿಸಿದ ರಾತ್ರಿ ನಮಗೆ ನೆನಪಾದದ್ದು 2008ರ ಆ ಹೆಸರು ಗೊತ್ತಿಲ್ಲದ ಪೈಲಟ್. ಬ್ಯಾಗು ಹಿಡಿದು ಸಿಟ್ಟಾಗಿ ಕುಳಿತ ಪ್ರಯಾಣಿಕರನ್ನು ಹೊತ್ತು, ಎರಡು ಬಾರಿ ಮೇಲೇರಿ, ಎಲ್ಲರನ್ನೂ ಬೆಂಗಳೂರಿನಲ್ಲಿ ಕ್ಷೇಮವಾಗಿ ಇಳಿಸಿದವರು. ತಾಯಿಯ ಮುಖ ನೋಡಲಾಗಲಿಲ್ಲ ಎಂಬ ನೋವು ಇಂದಿಗೂ ಇದೆ. ಆದರೆ ಆ ತಾಯಿಯ ಶವಪೆಟ್ಟಿಗೆಗೆ ಹೆಗಲು ಕೊಡಲು ನಾವು ಉಳಿದಿದ್ದೆವು. ಈಗ ಅವರ ಪುಣ್ಯತಿಥಿಯ ಬಲಿಪೂಜೆಯಲ್ಲಿ ಆ ಪೈಲಟ್‌ಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸುತ್ತೇವೆ.

ಕೇಳದೆ ಹೋದ ಮಾತುಗಳು

ಇದು ಮಂಗಳೂರಿನ ಕಥೆ ಮಾತ್ರವಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ, ಮಂಜಿನ ನಡುವೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅಲ್ಲಿಯೂ ಇನ್ನೊಂದು ವಿಮಾನ ರನ್‌ವೇಯಿಂದ ಹೊರಗೆ ಹೋಗಿದೆಯೇ ಎಂದು ಕಿರಿಯ ಸಿಬ್ಬಂದಿಯೊಬ್ಬರು ಸಂಶಯದಿಂದ ಕೇಳಿದ್ದರು. ಅನುಭವಿ ಕ್ಯಾಪ್ಟನ್ ಆ ಸಂಶಯವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಅಂತಹ ದುರಂತಗಳ ನಂತರವೇ ಪೈಲಟ್‌ಗಳಿಗೆ ಪರಸ್ಪರ ಮಾತು ಕೇಳುವ, ಕಿರಿಯರು ಹಿಂಜರಿಯದೆ ಎಚ್ಚರಿಸುವ ವಿಶೇಷ ತರಬೇತಿ ಜಗತ್ತಿನಾದ್ಯಂತ ಬಂತು.

ನಮ್ಮದೇ ರಾಜ್ಯದ ಬೆಂಗಳೂರಿನಲ್ಲಿ 1990ರ ಫೆಬ್ರವರಿ 14ರಂದು, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಡಿದು, 146 ಮಂದಿಯಲ್ಲಿ 92 ಮಂದಿ ಮೃತಪಟ್ಟರು. ಅಲ್ಲಿ ಗುಡ್ಡವೂ ಇರಲಿಲ್ಲ, ಕಣಿವೆಯೂ ಇರಲಿಲ್ಲ. ಕೋಯಿಕ್ಕೋಡಿನಲ್ಲಿ 2020ರ ಆಗಸ್ಟ್ 7ರ ರಾತ್ರಿ, ಕೊರೊನಾ ಕಾಲದಲ್ಲಿ ದುಬಾಯಿಯಿಂದ ಜನರನ್ನು ಕರೆತರುತ್ತಿದ್ದ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು. 190 ಮಂದಿಯಲ್ಲಿ 21 ಮಂದಿ ಸತ್ತರು. ತನಿಖೆಯಲ್ಲಿ ಮತ್ತೆ ಅದೇ ಮಾತು: ರನ್‌ವೇಯ ಅರ್ಧದಷ್ಟು ಕಳೆದ ಮೇಲೆ ನೆಲ ಮುಟ್ಟಿದ ವಿಮಾನ, ಸಹ ಪೈಲಟ್ ಹೇಳಿದರೂ ಮೇಲೇರದ ಕ್ಯಾಪ್ಟನ್. ಮಂಗಳೂರಿನ ಪಾಠ ಹತ್ತು ವರ್ಷ ಕಳೆದರೂ ಪೂರ್ತಿಯಾಗಿ ಕಲಿತಿರಲಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು, ಅದರಲ್ಲಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಉಳಿದಾಗ, ಕಾರಣ ಬೇರೆಯಾದರೂ ನಮ್ಮ ಊರಿನ ಹಳೆಯ ಗಾಯ ಮತ್ತೆ ಬಿರಿಯಿತು.

ಬಸವಕಲ್ಯಾಣದಲ್ಲಿ ಬದುಕಿದ ನಮಗೆ ಈ ವಿಷಯದಲ್ಲಿ ಹನ್ನೆರಡನೇ ಶತಮಾನದ ಅನುಭವ ಮಂಟಪ ನೆನಪಾಗುತ್ತದೆ. ರಾಜನ ಭಂಡಾರಿಯಾಗಿದ್ದ ಬಸವಣ್ಣನವರೂ, ಚಪ್ಪಲಿ ಹೊಲಿಯುವವರೂ, ದೋಣಿ ನಡೆಸುವವರೂ, ಹೆಂಗಸರೂ ಒಂದೇ ಚಾವಡಿಯಲ್ಲಿ ಕುಳಿತು ಮಾತನಾಡಿದರು, ಒಬ್ಬರ ಮಾತನ್ನು ಒಬ್ಬರು ಕೇಳಿದರು ಎಂದು ಆ ಊರಿನ ಮಕ್ಕಳೂ ಹೇಳುತ್ತಾರೆ. ಹಿರಿಯರೆಂಬ ಕಾರಣಕ್ಕೆ ಯಾರ ಮಾತೂ ಸರಿಯಾಗುವುದಿಲ್ಲ, ಕಿರಿಯರೆಂಬ ಕಾರಣಕ್ಕೆ ತಪ್ಪೂ ಆಗುವುದಿಲ್ಲ. ವಿಮಾನದ ಎರಡು ಸೀಟುಗಳ ನಡುವೆ ಈ ವಿವೇಕ ಇಲ್ಲದೆ ಹೋದರೆ ಏನಾಗುತ್ತದೆಂಬುದನ್ನು ನಾವು ಕೆಂಜಾರಿನಲ್ಲಿ ಕಂಡಿದ್ದೇವೆ. ನಮ್ಮ ಚರ್ಚ್ ಪಾಲನಾ ಪರಿಷತ್ತಿನಲ್ಲಿ, ಸಂಘಸಂಸ್ಥೆಗಳಲ್ಲಿ, ಮನೆಯಲ್ಲಿ ಮೂರು ಸಲ ಹೇಳಿದರೂ ಕಿವಿಗೊಡದ ಮಾತುಗಳು ಎಷ್ಟಿವೆ ಎಂದು ನಾವೂ ನೋಡಿಕೊಳ್ಳಬೇಕು.

ನಾವು ಮಾಡಬಹುದಾದದ್ದು

ದುರಂತದ ನಂತರ ಎಷ್ಟೋ ದೇಹಗಳ ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಡಿಎನ್‌ಎ ಪರೀಕ್ಷೆಗೆ ಮಾದರಿಗಳನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಕೊನೆಗೂ ಗುರುತು ಸಿಗದವರನ್ನು ಕೂಳೂರು ತಣ್ಣೀರುಬಾವಿಯ ಹೊಳೆಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಲಾಯಿತು. ಯಾವ ಧರ್ಮದವರು ಎಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ಆ ಸ್ಥಳ ಈಗ ಸ್ಮಾರಕ ಉದ್ಯಾನವಾಗಿದೆ. ಆ ದಾರಿಯಾಗಿ ಹೋಗುವವರು ಐದು ನಿಮಿಷ ನಿಂತು ಪ್ರಾರ್ಥಿಸಿದರೆ ಒಳ್ಳೆಯದು.

ಎರಡನೆಯದಾಗಿ, ನಷ್ಟ ಅನುಭವಿಸಿದ ಮನೆಗೆ ಹೋದಾಗ "ದೇವರ ಚಿತ್ತ" ಎಂದು ಅವಸರದಲ್ಲಿ ಹೇಳುವುದನ್ನು ಬಿಡೋಣ. ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತ ಸಂಗತಿ ಲೂಕನ ಶುಭಸಂದೇಶದಲ್ಲಿ ಬರುತ್ತದೆ. ಅವರು ಇತರರಿಗಿಂತ ಹೆಚ್ಚಿನ ಪಾಪಿಗಳೆಂಬ ಊಹೆಯನ್ನು ಪ್ರಭು ಯೇಸು ತಳ್ಳಿಹಾಕಿದರು, ಕೇಳುತ್ತಿದ್ದವರಿಗೇ ಮನಸ್ಸು ಬದಲಿಸಿಕೊಳ್ಳಲು ಹೇಳಿದರು. ಮನುಷ್ಯರ ಆಯಾಸ, ಕೆಟ್ಟ ರಾಡಾರ್, ಕೇಳದೆ ಹೋದ ಎಚ್ಚರಿಕೆ ಇವನ್ನೆಲ್ಲ ದೇವರ ಹೆಗಲಿಗೆ ಹಾಕಿದರೆ ಸರಿಪಡಿಸುವ ಕೆಲಸ ನಿಂತುಹೋಗುತ್ತದೆ. ದುಃಖದಲ್ಲಿರುವವರ ಹತ್ತಿರ ಸುಮ್ಮನೆ ಕುಳಿತರೂ ಸಾಕು.

ಮೂರನೆಯದಾಗಿ, ಇಂದಿಗೂ ನಮ್ಮ ಜನ ಹೆಚ್ಚಾಗಿ ವಿಮಾನದಲ್ಲೇ ಊರಿಗೆ ಬರುತ್ತಾರೆ. ಬೀದರಿನಿಂದ ಬರುವವರಿಗೂ ಅನುಕೂಲವಾಗುವಂತೆ ಕಲಬುರಗಿ ನಿಲ್ದಾಣ 2019ರಲ್ಲಿ ಆರಂಭವಾಯಿತು, ಬೀದರಿನಲ್ಲಿ 2020ರಲ್ಲಿ ನಾಗರಿಕ ವಿಮಾನ ಬಂತು. ಬಜಪೆಯ ರನ್‌ವೇಗೆ 2023ರಲ್ಲಿ ಹೊಸ ಡಾಂಬರಿನ ಪದರ ಹಾಕಲಾಯಿತು. ಆದರೆ ಮಳೆಗಾಲ, ಮಂಜು, ಗುಡ್ಡ ಹಿಂದಿನಂತೆಯೇ ಇವೆ. ಮುಂದೊಮ್ಮೆ ನೀವು ಕುಳಿತ ವಿಮಾನ ರನ್‌ವೇ ಹತ್ತಿರ ಬಂದು ಮತ್ತೆ ಮೇಲೇರಿದರೆ, ಅಥವಾ ಬೆಂಗಳೂರಿಗೆ ತಿರುಗಿದರೆ, ಗೊಣಗಬೇಡಿ, ಗಗನಸಖಿಯರ ಮೇಲೆ ರೇಗಬೇಡಿ. ಮದುವೆ ತಪ್ಪಬಹುದು, ಕೆಲಸ ಕೆಡಬಹುದು, ನಮಗಾದಂತೆ ಕೊನೆಯ ಮಾತೂ ತಪ್ಪಬಹುದು. ಆದರೂ ಮೇಲೇರುವುದು ಸೋಲಲ್ಲ, ಅದು ಪೈಲಟ್‌ಗೆ ಕಲಿಸಿದ ಕರ್ತವ್ಯ. ಹಾಗೆ ಮಾಡಿದವರನ್ನು ದಂಡಿಸಬಾರದೆಂಬುದು ವಿಮಾನಯಾನ ಕ್ಷೇತ್ರ ಒಪ್ಪಿಕೊಂಡ ತತ್ತ್ವ. ಇಳಿಯುವಾಗ ಬಾಗಿಲ ಬಳಿ ಒಂದು ಧನ್ಯವಾದ ಹೇಳಿ. ನಾವು ಅಂದು ಹೇಳಲಿಲ್ಲ.

ಹುಮನಾಬಾದಿನ ಆ ಹಿರಿಯ ತಾಯಿಯನ್ನು ಕೆಲವು ವರ್ಷಗಳ ನಂತರ ಮತ್ತೆ ಕಂಡಾಗ ತಿಳಿದುಕೊಂಡದ್ದನ್ನೆಲ್ಲ ಹೇಳಿದೆವು. ಅವರು ಎಲ್ಲ ಕೇಳಿ, "ಮೂರು ಸಲ ಹೇಳಿದ್ನಂತಾ ಆ ಹುಡುಗ? ಯವ್ವಾ..." ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಂಡಿಲ್ಲದ ಊರಿನ, ಕಂಡಿಲ್ಲದ ಜನರಿಗಾಗಿ ಅತ್ತ ಆ ಕಣ್ಣೀರೂ ಒಂದು ಪ್ರಾರ್ಥನೆಯೇ.

ಕೆಂಜಾರಿನಲ್ಲಿ ಅಗಲಿದ 158 ಮಂದಿಗೆ, ಎಲ್ಲ ವಿಮಾನ ದುರಂತಗಳಲ್ಲಿ ಮಡಿದವರಿಗೆ ಪ್ರಭು ನಿತ್ಯ ವಿಶ್ರಾಂತಿಯನ್ನು ನೀಡಲಿ. ಅವರ ಮನೆಯವರಿಗೆ ಸಾಂತ್ವನ ದೊರಕಲಿ. ಆಕಾಶದಲ್ಲಿ ನಮ್ಮವರನ್ನು ಹೊತ್ತು ತರುವವರಿಗೆ ನಿದ್ರೆಯಿಲ್ಲದ ರಾತ್ರಿಗಳಲ್ಲಿ ಎಚ್ಚರವನ್ನೂ, ಜೊತೆಗಿರುವವರ ಮಾತು ಕೇಳುವ ಮನಸ್ಸನ್ನೂ ದೇವರು ದಯಪಾಲಿಸಲಿ.